ಹಕ್ಕಿ ಕಾಯಲು ಬಂದ ಬೀಗತಿ

ನನ್ನ ಬೀಗತಿಯ ಬಲಗೈ ಹೆಬ್ಬೆರಳಿನ ಮೇಲೆ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಕುರಿಯ ಉಣ್ಣೆ ನೂತು ನೂತು ಆ ಬೆರಳಿನ ತುದಿ ಹೊಳೆಯೊಳಗಿನ ಕಲ್ಲಿನಂತೆ ನುಣುಪಾಗಿತ್ತು. ಕೊಂಚ ಚಪ್ಪಟೆ, ಬೆಳಕಿಗೆ ಹಿಡಿದರೆ ಹೊಳೆಯುತ್ತಿತ್ತು. ರೇಷನ್ ಅಂಗಡಿಯ ಬೆರಳಚ್ಚಿನ ಮಷೀನು ಆಕೆಯನ್ನು ಒಂದೇ ಸಲಕ್ಕೆ ಒಪ್ಪಿಕೊಂಡದ್ದೇ ಇಲ್ಲ. “ಇಷ್ಟ ದೊಡ್ಡ ಹೆಣ್ಮಗಳು ಮುಂದ ನಿಂತೇನಿ, ನೀ ಇಲ್ಲ ಅಂತೈತ್ರಿ ಬಾಯಾರ ಅದು,” ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ನಿನ್ನೆಯಷ್ಟೇ ಮೊಟ್ಟೆಯೊಡೆದು ಬಂದ ಹಕ್ಕಿಮರಿಯ ಕೊರಳ ಬುಡದ ಚೀಲವನ್ನು ಅದೇ ಬೆರಳಿನಿಂದ ಸವರಿ, ಅದು ಉಂಡು ಎಷ್ಟು ಹೊತ್ತಾಯಿತೆಂದು ಹೇಳಿಬಿಡುತ್ತಿದ್ದಳು.

ಆಕೆ ನನ್ನ ಸೊಸೆಯ ತಾಯಿ. ಮೂಡಲಗಿ ಕಡೆಯ ಕುರಿಗಾರರ ಮನೆತನದವಳು. ನಾನು ಹುಕ್ಕೇರಿ ತಾಲೂಕಿನ ದಡ್ಡಿ ಊರಿನವಳು. ನಮ್ಮದು ಊರಾಚೆಯ ಕೇರಿಯಲ್ಲಿ ಬುದ್ಧನ ಫೋಟೋ ಇಟ್ಟುಕೊಂಡ ಮನೆ. ಏಳನೆಯ ವಯಸ್ಸಿಗೆ ಅಪ್ಪ ನನ್ನನ್ನು ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದ್ದರು. ಅಲ್ಲಿಂದ ಹೊರಬಿದ್ದವಳು ಗೋಕಾಕದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದೆ. ಆದ್ದರಿಂದಲೇ ಆಕೆಗೆ ನಾನು ಬೀಗತಿಯಲ್ಲ, ಬಾಯಾರು, ಎಂದರೆ ಟೀಚರಮ್ಮ. ನನ್ನ ಮಗನೂ ಆಕೆಯ ಮಗಳೂ ತಾವೇ ಮೆಚ್ಚಿಕೊಂಡು ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದವರು. ಆಮೇಲೆ ಎರಡು ವರ್ಷ ಮೂಡಲಗಿಯಿಂದ ಒಬ್ಬರೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಮೊದಲು ತುಳಿದವಳು ಈಕೆ.

ಆ ದಿನ ನೆನಪಿದೆ. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಹಳೆಯ ಸೀರೆ ಹೊದಿಸಿದ ಪಂಜರ. ಗೇಟಿನ ಹೊರಗೇ ನಿಂತಿದ್ದಳು. ಗಂಡ ತೀರಿಕೊಂಡ ಮೇಲೆ ಮಗ ಕುರಿಗಳನ್ನು ಮಾರಿ ಕಬ್ಬು ಹಚ್ಚಿದ್ದ. ಖಾಲಿ ಹಟ್ಟಿಯನ್ನು ನೋಡುತ್ತ ಈಕೆ ಊಟ ಬಿಟ್ಟಿದ್ದಳು. ನನ್ನ ಸೊಸೆ ಘಟಪ್ರಭಾದ ಆಸ್ಪತ್ರೆಯಲ್ಲಿ ನರ್ಸ್. ತಾಯಿ ಏನನ್ನಾದರೂ ಸಾಕಿಕೊಂಡಿರಲಿ ಎಂದು ಅವಳೇ ಸ್ಟೇಷನ್ ರಸ್ತೆಯ ಅಂಗಡಿಯಿಂದ ಎರಡು ಜೋಡಿ ಹಕ್ಕಿ ಕೊಂಡು ಕಳಿಸಿದ್ದಳು. ಎರಡು ಜೋಡಿ ಹನ್ನೆರಡಾಗಿ ಆ ಪಂಜರದಲ್ಲಿ ಕೂತಿದ್ದವು.

“ಕಂಡಕ್ಟರ್ ಇವಕ್ಕೂ ಟಿಕೀಟ್ ತಗೀ ಅಂದ್ರಿ,” ಅದು ಆಕೆ ನನ್ನೊಡನೆ ಆಡಿದ ಮೊದಲ ಮಾತು. “ಹನ್ನೆರಡು ಸೀಟು ಕೊಡಪಾ, ತಗೀತೇನಿ ಅಂದೆ. ಸುಮ್ಮನಾದ.”

“ಒಳಗೆ ಬನ್ನಿ,” ಎಂದೆ. “ನಿಮ್ಮ ಮಗಳ ಮನೆ.”

“ಅದಕ್ಕ ಹೊರಗ ನಿಂತೇನ್ರಿ. ಮಗಳ ಮನ್ಯಾಗ ಹೋಗಿ ಕುಂತಾಳ ಅಂತ ನಮ್ಮ ಮಂದಿ ಅಂದಾರು. ನಾ ಇರಾಕ ಬಂದಿಲ್ಲ. ಹಕ್ಕಿ ಕಾಯಾಕ ಬಂದೇನಿ. ಜಾಗಾ ತೋರಸ್ರಿ.”

ಹಾಗೆ ಬಂದವಳು ಆರು ವರ್ಷ ಹಕ್ಕಿ ಕಾಯುತ್ತ ನಮ್ಮಲ್ಲೇ ಉಳಿದಳು. ನನ್ನ ಮಗ ಹಿತ್ತಿಲಲ್ಲಿ ತಂತಿಯ ಜಾಳಿಗೆ ಹೊಡೆದು, ಮೇಲೆ ತಗಡು ಹಾಕಿಸಿ, ಒಬ್ಬರು ನಿಂತು ಓಡಾಡುವಷ್ಟು ದೊಡ್ಡ ಹಕ್ಕಿಮನೆ ಕಟ್ಟಿಸಿಕೊಟ್ಟ. ಕೊಣ್ಣೂರಿನಿಂದ ತಂದ ಸಣ್ಣ ಗಡಿಗೆಗಳ ಬದಿಗೆ ಮುಷ್ಟಿಯಷ್ಟು ತೂತು ಕೊರೆಸಿ ಆಕೆ ಸಾಲಾಗಿ ತೂಗುಹಾಕಿದಳು. ಅವು ಹಕ್ಕಿಗಳ ಬಾಣಂತಿಕೋಣೆಗಳು. ಬಡಗಿಯ ಹತ್ತಿರದಿಂದ ಕಟ್ಟಿಗೆಯ ಹೊಟ್ಟು ತಂದು ಒಂದೊಂದರ ತಳಕ್ಕೂ ಒಂದೊಂದು ಹಿಡಿ ಹಾಕಿದಳು. ಬೆಳಿಗ್ಗೆ ನವಣೆ, ಸಜ್ಜೆ; ಮರಿಗಳಿದ್ದಾಗ ಬೇಯಿಸಿದ ಮೊಟ್ಟೆಯ ಪುಡಿ, ಮೊಳಕೆಯೊಡೆದ ಕಾಳು, ಕೊತ್ತಂಬರಿ.

ಊರೆಲ್ಲ ಇವನ್ನು ಲವ್ ಬರ್ಡ್ಸ್ ಎನ್ನುತ್ತದೆ. ನನ್ನ ಟೀಚರ್ ನಾಲಿಗೆ ಸುಮ್ಮನಿರಲಿಲ್ಲ. “ಇವು ಲವ್ ಬರ್ಡ್ಸ್ ಅಲ್ಲ. ಬಡ್ಜರಿಗಾರ್. ಆಸ್ಟ್ರೇಲಿಯಾದ ಪುಟ್ಟ ಗಿಳಿ,” ಎಂದೆ.

“ನೀವು ಏನಾರ ಕರೀರಿ ಬಾಯಾರ. ಅವೇನ ಕರದ್ರ ಬರಾಂಗಿಲ್ಲ.”

ಆಕೆ ಹಕ್ಕಿಗಳಿಗೆ ಹೆಸರಿಟ್ಟದ್ದು ಕುರಿಗಳಿಗೆ ಇಡುವ ಹಾಗೆ, ಬಣ್ಣ ಮತ್ತು ಗುಣ ನೋಡಿ. ಹಸರವ್ವ, ಬೂದಿ, ಹಣಿಗಪ್ಪಿ, ಸಿಡುಕಿ. ಮೂಗಿನ ಬುಡ ನೀಲಿ ಇದ್ದವು ಗಂಡು. ಅವಕ್ಕೆ ಹೆಸರಿಲ್ಲ, ಹೆಂಡತಿಯ ಹೆಸರಿನಿಂದಲೇ ಲೆಕ್ಕ: ಬೂದಿಯ ಗಂಡ, ಸಿಡುಕಿಯ ಗಂಡ. ಹಿಂಡು ಮೂವತ್ತರ ಹತ್ತಿರ ಬೆಳೆದಾಗ ನಾನು ಫ್ರಿಜ್ಜಿನ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದೆ. ಯಾವ ಗಡಿಗೆ, ಎಷ್ಟು ಮೊಟ್ಟೆ, ಯಾವಾಗ ಮರಿ, ಎಲ್ಲ ಕಾಲಂ ಎಳೆದು. ಆಕೆ ಅದನ್ನು ನೋಡಿ ಗಲ್ಲ ಬಡಿದುಕೊಂಡಳು. ಅವರಲ್ಲಿ ಹಿಂಡನ್ನು ಎಣಿಸುವುದಿಲ್ಲವಂತೆ. ಸಂಜೆ ಹಟ್ಟಿಗೆ ಬಂದ ಕುರಿಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಯಾವುದು ಬಂದಿಲ್ಲ ಎಂಬುದು ತಾನೇ ತಿಳಿಯುತ್ತದಂತೆ. ನಾನು ನಂಬಲಿಲ್ಲ. ಒಂದು ಸಂಜೆ ಆಕೆಗೆ ಗೊತ್ತಾಗದಂತೆ ಒಂದು ನೀಲಿ ಹಕ್ಕಿಯನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟೆ. ಆಕೆ ಜಾಳಿಗೆಯ ಮುಂದೆ ಬಂದಳು, ಬಾಯಲ್ಲಿನ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

“ಬೂದಿ ಗಂಡನ್ನ ಎಲ್ಲಿ ಇಟ್ಟೀರಿ? ತಂದು ಬಿಡ್ರಿ. ಅದು ಉಣಸದಿದ್ರ ಬೂದಿ ಉಪಾಸ ಬೀಳ್ತಾಳ.”

ನಾನು ಬುಟ್ಟಿ ಎತ್ತಿದೆ.

ಮರಿಗಳನ್ನು ನನಗೆ ತೋರಿಸಿಕೊಟ್ಟವಳು ಆಕೆ. ಅರವತ್ತೆಂಟು ವರ್ಷ ಬದುಕಿ, ಬಯಾಲಜಿ ಪುಸ್ತಕಗಳ ಪ್ರೂಫ್ ಸಹ ತಿದ್ದಿಕೊಟ್ಟಿದ್ದ ನಾನು ಆವರೆಗೆ ನಿಜವಾದ ಹುಟ್ಟನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ತಾಯಿಹಕ್ಕಿ ಕಾಳು ತಿನ್ನಲು ಹೊರಗೆ ಬಂದ ಅರೆಗಳಿಗೆಯಲ್ಲಿ ಮೊಬೈಲಿನ ಟಾರ್ಚ್ ಹಿಡಿದು ಗಡಿಗೆಯೊಳಗೆ ಇಣುಕಿದ್ದೆ. ಒಂದು ಗೋಡಂಬಿಯಷ್ಟು ಗುಲಾಬಿ ಮಾಂಸ. ಮುಚ್ಚಿದ ಕಣ್ಣಿನ ಜಾಗದಲ್ಲಿ ಎರಡು ನೀಲಿ ಉಬ್ಬು. ತಲೆಯನ್ನು ಹೊರಲಾಗದೆ ಅಂಗಾತ ಬಿದ್ದಿತ್ತು. ಚರ್ಮ ಎಷ್ಟು ತೆಳುವೆಂದರೆ ಕೊರಳ ಬುಡದ ಚೀಲದಲ್ಲಿ ತಾಯಿ ತುಂಬಿದ ಬಿಳಿಯ ರಸ ಹೊರಗಿನಿಂದಲೇ ಕಾಣುತ್ತಿತ್ತು. ಆಮೇಲೆ ಎದೆಯ ಒಳಗೆ ಏನೋ ಮಿಡಿಯುವುದೂ ಕಂಡಿತು. ನಾನು ಟಾರ್ಚ್ ಆರಿಸಿಬಿಟ್ಟೆ. ನೋಡಬಾರದ್ದನ್ನು ನೋಡಿದ ಹಾಗೆ ಅನ್ನಿಸಿತು. ಚಾಪೆಲ್ಲಿನಲ್ಲಿ ಮಂಡಿಯೂರಿದಾಗ ಆಗುತ್ತಿದ್ದಂಥ ಒಂದು ಅಳುಕು.

ಹಕ್ಕಿ ದಿನ ಬಿಟ್ಟು ದಿನ ಮೊಟ್ಟೆಯಿಡುವುದರಿಂದ ಮರಿಗಳೂ ದಿನ ಬಿಟ್ಟು ದಿನವೇ ಒಡೆಯುತ್ತವೆ. ಒಂದೇ ಗಡಿಗೆಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಐದು ಗಾತ್ರದ ಮಕ್ಕಳು. ದೊಡ್ಡದು ಚಿಕ್ಕದನ್ನು ತುಳಿದು ಕೊಲ್ಲುವುದಿಲ್ಲವೇ ಎಂದು ಕೇಳಿದೆ. ಆಕೆ ನನ್ನ ಕೈ ಹಿಡಿದು ತಡೆದು, ಕಿವಿಯನ್ನು ಗಡಿಗೆಯ ಹೊಟ್ಟೆಗೆ ಹಚ್ಚಲು ಹೇಳಿದಳು. ಒಳಗಿನಿಂದ ಮೊದಲು ಸೂಜಿಯಷ್ಟು ಸಣ್ಣ ದನಿ, ಆಮೇಲೆ ಅದಕ್ಕಿಂತ ದಪ್ಪನೆಯದು, ಆಮೇಲೆ ಇನ್ನೂ ದಪ್ಪ.

“ಸಣ್ಣದರಿಂದ ಸುರು ಮಾಡತೈತಿ,” ಎಂದಳು. “ಅದಕ್ಕ ಹಾಲಿನಂಥಾದ್ದು. ದೊಡ್ಡದಕ್ಕ ಕಾಳು. ಒಂದ ಕೊರಳಾಗಿಂದ ಎರಡೂ ಹೆಂಗ ಬರ್ತಾವ ಅನ್ನೂದು ಮಾತ್ರ ನನ್ನ ಕೇಳಬ್ಯಾಡ್ರಿ. ನನಗೂ ಗೊತ್ತಿಲ್ಲ.”

ಗೊತ್ತಿಲ್ಲ ಎನ್ನುವಾಗ ಆಕೆಯ ಮುಖ ಅರಳುತ್ತಿತ್ತು. ನಮಗೆ ಕಾನ್ವೆಂಟಿನಲ್ಲಿ ಗೊತ್ತಿಲ್ಲ ಎಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಹೀಗೆ ದಿನಗಳು ನಡೆದಿರುವಾಗ ಆಕೆಯ ಎಡಗಣ್ಣಿನ ಪೊರೆ ತೆಗೆಸಬೇಕಾಯಿತು. ಒಂದೇ ದಿನದ ಕೆಲಸವೆಂದು ಸೊಸೆ ತನ್ನ ಆಸ್ಪತ್ರೆಗೇ ಕರೆದುಕೊಂಡು ಹೋದಳು. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದದ್ದರಿಂದ ಅದು ಇಳಿಯುವವರೆಗೆ ಮೂರು ದಿನ ಅಲ್ಲೇ ಉಳಿಯಬೇಕಾಯಿತು. ಹೊರಡುವಾಗ ಹಿಂಡನ್ನು ನನಗೆ ಒಪ್ಪಿಸಿದಳು. ಬುಟ್ಟಿಯ ಆ ಸಂಜೆ ನಾನು ಕದ್ದು ತೆಗೆದದ್ದು ಬಿಟ್ಟರೆ, ಅಲ್ಲಿಯವರೆಗೆ ಆಕೆ ಹಕ್ಕಿಮನೆಯ ಚಿಲಕವನ್ನು ಬೇರೆ ಯಾರಿಗೂ ತೆಗೆಯಗೊಟ್ಟಿರಲಿಲ್ಲ. “ಕಾಳು ಹಾಕ್ರಿ, ನೀರು ಇಡ್ರಿ. ಮತ್ತೇನೂ ಮಾಡಬ್ಯಾಡ್ರಿ,” ಎಂದಳು. “ಹಸರವ್ವನ ಗಡಗ್ಯಾಗ ನಾಕು ಒಡದಾವ, ಐದನೇದು ನಾಳಿ ನಾಡದು ಒಡೀತೈತಿ. ಈ ವರ್ಷದಾಗ ಐದಕ್ಕ ಐದೂ ಒಡ್ಯೂದು ಅದೊಂದ.”

ಮತ್ತೇನೂ ಮಾಡಬೇಡಿ ಎಂದಿದ್ದಳು. ಎರಡು ದಿನ ನಾನು ಏನೂ ಮಾಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸಿಡುಕಿ ಹಸರವ್ವನ ಗಡಿಗೆಯ ಬಾಯಲ್ಲಿ ಕೂತು ಒಳಗೆ ತಲೆ ಹಾಕುತ್ತಿದ್ದುದನ್ನು ಕಂಡೆ. ಹಸರವ್ವ ಒಳಗಿನಿಂದ ಕುಕ್ಕಿ ಓಡಿಸಿದಳು. ಐದು ನಿಮಿಷಕ್ಕೆ ಸಿಡುಕಿ ಮತ್ತೆ ಹಾಜರು. ಬೇರೆ ಹೆಣ್ಣುಹಕ್ಕಿ ಗೂಡಿಗೆ ನುಗ್ಗಿ ಮರಿಗಳನ್ನು ಕೊಂದುಹಾಕುತ್ತದೆ ಎಂದು ಎಲ್ಲೋ ಓದಿದ್ದೆ. ಅದು ಸುಳ್ಳೂ ಅಲ್ಲ. ಸುತ್ತಲೂ ಮೂವತ್ತು ಹಕ್ಕಿಗಳ ಗದ್ದಲ, ಧೂಳು, ಹಿಕ್ಕೆ. ಐದು ಎಳೆಗೂಸುಗಳ ತಾಯಿಗೆ ಇದು ಬೇಕಾದ ಜಾಗವೇ ಎಂದು ನನ್ನ ಜೀವ ಚಡಪಡಿಸಿತು. ಬೇಕಾದದ್ದು ಕ್ವಾಯೆಟ್, ಹೈಜೀನ್, ಪ್ರೈವಸಿ. ಒಂದು ಪ್ರಾಪರ್ ಮೆಟರ್ನಿಟಿ ವಾರ್ಡ್.

ನನ್ನ ಮನಸ್ಸಿನಲ್ಲಿ ಪ್ರೈವಸಿ ಎಂಬ ಮಾತಿಗೆ ಎಷ್ಟು ತೂಕ ಎಂಬುದನ್ನು ಹೇಳದೆ ಇದು ಅರ್ಥವಾಗಲಾರದು. ಸಣ್ಣವಳಿದ್ದಾಗ ಬೇರೆಯವರು ನಮ್ಮನ್ನು ದೂರ ಕೂರಿಸಿದ್ದನ್ನು ಕಂಡವಳು ನಾನು. ಬೋರ್ಡಿಂಗಿನಲ್ಲಿ ಮೊದಲ ದಿನ ಒಬ್ಬ ಸಿಸ್ಟರ್ ನನಗೊಂದು ಕಬ್ಬಿಣದ ಮಂಚ, ಅದರ ಸುತ್ತ ಎಳೆದುಕೊಳ್ಳಲು ಒಂದು ಬಿಳಿಯ ಪರದೆ ತೋರಿಸಿ, ಇದು ನಿನ್ನದು, ಕೇಳದೆ ಇದರೊಳಗೆ ಯಾರೂ ಬರುವಂತಿಲ್ಲ ಎಂದಿದ್ದರು. ಜೀವನದಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಆ ಪರದೆ. ನನಗೆ ಗೊತ್ತಿದ್ದ ಅತ್ಯುತ್ತಮವಾದದ್ದನ್ನೇ ನಾನು ಹಸರವ್ವನಿಗೆ ಕೊಡಹೊರಟಿದ್ದೆ.

ಗಡಿಗೆಯನ್ನು ಕೊಂಡಿಯಿಂದ ಬಿಚ್ಚಿದೆ. ಪಂಜರವನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ ಗಡಿಗೆಯನ್ನು ಅದರಲ್ಲಿಟ್ಟೆ. ಹಸರವ್ವನನ್ನೂ ಅದರ ಗಂಡನನ್ನೂ ಬಲೆಚೀಲದಿಂದ ಹಿಡಿದು ಒಳಗೆ ಬಿಟ್ಟೆ. ಪಂಜರವನ್ನು ನನ್ನ ಬೆಡ್‌ರೂಮಿಗೆ ಒಯ್ದು, ಕಿಟಕಿಯ ಕರ್ಟನ್ ಎಳೆದು, ಬಾಗಿಲು ಮುಂದೆ ಮಾಡಿ, ಹೊರಗೆ ಕಾಲ್ದನಿಯಾಗದಂತೆ ನಡೆದೆ. ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು.

ಎರಡು ಗಂಟೆಗೆ ನೋಡಿದಾಗ ಹಸರವ್ವ ಪಂಜರದ ತಂತಿಗೆ ಜೋತುಬಿದ್ದು ಹಿತ್ತಿಲ ದಿಕ್ಕಿಗೆ ಮುಖ ಮಾಡಿ ಒಂದೇ ಸಮನೆ ಕೂಗುತ್ತಿತ್ತು. ಗಂಡನೂ ಅಷ್ಟೇ. ಗಡಿಗೆಯ ಕಡೆ ಎರಡೂ ತಿರುಗಿ ನೋಡಲಿಲ್ಲ. ಇನ್ನಷ್ಟು ಕತ್ತಲೆ ಬೇಕೇನೋ ಎಂದು ಪಂಜರದ ಮೇಲೆ ಬೆಡ್‌ಶೀಟ್ ಹೊದಿಸಿದೆ. ಮೂರೂವರೆಗೆ ಗಡಿಗೆಯೊಳಗೆ ಬೆರಳು ಹಾಕಿದೆ. ಮರಿಗಳು ತಣ್ಣಗಿದ್ದವು. ಚಿಕ್ಕದು ಕಲ್ಲಿನಂತೆ ತಣ್ಣಗಿತ್ತು. ಕೊರಳ ಚೀಲಗಳು ಖಾಲಿಯಾಗಿ ಸುಕ್ಕುಗಟ್ಟಿದ್ದವು.

ಅಷ್ಟು ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು.

ಎಡಗಣ್ಣಿಗೆ ಪ್ಲಾಸ್ಟಿಕ್ಕಿನ ಮುಚ್ಚಳ, ಅದರ ಮೇಲೆ ಕರಿಯ ಕನ್ನಡಕ. ಬಲಗಣ್ಣಿನಲ್ಲೂ ಪೊರೆ ಇದ್ದದ್ದರಿಂದ ಆಕೆಗೆ ಬೆಳಕು ಕತ್ತಲೆ ಬಿಟ್ಟು ಹೆಚ್ಚೇನೂ ಕಾಣುತ್ತಿರಲಿಲ್ಲ. ಸೊಸೆ ತೋಳು ಹಿಡಿದು ಇಳಿಸಿದಳು. “ಬಗ್ಗುವ ಹಾಗಿಲ್ಲ, ಧೂಳಿನ ಹತ್ತಿರ ಹೋಗುವ ಹಾಗಿಲ್ಲ, ಹಕ್ಕಿಯ ಮಾತಂತೂ ಎತ್ತಲೇಬೇಡ,” ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದಳಂತೆ. ಬೀಗತಿ ಅಂಗಳದಲ್ಲಿ ಎರಡು ಹೆಜ್ಜೆ ಇಟ್ಟು ನಿಂತಳು. ಮುಖ ಮೇಲೆತ್ತಿ ಕೇಳಿಸಿಕೊಂಡಳು.

“ಹಸರವ್ವ ಮನಿಯೊಳಗ ಯಾಕ ಒದರಾಕತ್ತಾಳ?”

ಹೇಳಿದೆ. ನಿಂತಲ್ಲೇ, ಟೀಚರಮ್ಮನ ಮುಂದೆ ಹೋಮ್‌ವರ್ಕ್ ಮಾಡದ ಹುಡುಗಿಯ ಹಾಗೆ, ಎಲ್ಲ ಹೇಳಿದೆ.

“ಯಾಕ ಒಯ್ದ್ರಿ?”

“ಪ್ರೈವಸಿ ಇರಲಿ ಅಂತ.”

“ಹಂಗಂದ್ರ?”

ಆ ಕ್ಷಣಕ್ಕೆ ಬೇರೆ ಶಬ್ದ ತೋಚಲಿಲ್ಲ. “ಯಾರೂ ಇಲ್ಲದ ಜಾಗ,” ಎಂದೆ.

“ಯಾರೂ ಇಲ್ಲದ ಜಾಗಾ,” ಆಕೆ ನಿಧಾನವಾಗಿ ತಲೆಯಾಡಿಸಿದಳು. “ಅದಕ್ಕ ನಾವು ಅಡವಿ ಅಂತೀವ್ರಿ.”

ಬೈಗುಳವೇನೂ ಅಲ್ಲ, ಆಕೆ ಸಿಟ್ಟಿನಿಂದಲೂ ಹೇಳಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಆಕೆ ಕಾಣಲಾರಳೆಂಬುದೊಂದೇ ಸಮಾಧಾನ.

“ಅಳೂದು ಆಮ್ಯಾಗ ಅಳ್ರಿ,” ಎಂದಳು. “ಒಂದು ಕುರಿ ಹಿಂಡು ಬಿಟ್ಟು ಕಟ್ಟಿ ಹಾಕ್ರಿ, ಮುಂದ ಎಷ್ಟ ಮೇವು ಇದ್ರೂ ಬಾಯಿ ಹಾಕಾಂಗಿಲ್ಲ. ಹಿಂಡಿನ ಸಪ್ಪಳ ಕೇಳಿದ್ರನ ಅದಕ್ಕ ಜೀವಕ್ಕ ಧೈರ್ಯ. ಇದೂ ಹಂಗ. ಅಂಜಿದ ತಾಯಿ ಉಣಸಾಂಗಿಲ್ಲ. ಮದಲ ಗಂಡಾಹೆಂಡ್ತಿನ್ನ ಹಿಂಡಿಗಿ ಬಿಡ್ರಿ. ಮರಿ ನನ್ನ ಕೈಯಾಗ ಕೊಡ್ರಿ.”

ಹಕ್ಕಿಮನೆಯ ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕಂಬಳಿ ಹೊದ್ದು ಕೂತಳು. ಸೊಸೆ “ಅವ್ವಾ, ಧೂಳು,” ಎಂದು ಬಾಯಿ ತೆರೆದಳು. “ನಾ ಬಾಗಲದಾಗ ಕುಂತೇನಿ. ಒಳಗ ಬಾಯಾರು ಹೋಗ್ತಾರ,” ಎಂದು ಬೀಗತಿ ಅವಳನ್ನು ತಡೆದಳು. ಐದೂ ಮರಿಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡಳು. ಆ ನುಣುಪಾದ ಹೆಬ್ಬೆರಳು ಒಂದೊಂದರ ಕೊರಳ ಬುಡದಲ್ಲಿ ಒಂದೊಂದು ಗಳಿಗೆ ನಿಂತಿತು. ಆಮೇಲೆ ಎಲ್ಲವನ್ನೂ ಹತ್ತಿಬಟ್ಟೆಯಲ್ಲಿ ಸುತ್ತಿ ಕುಪ್ಪಸದೊಳಗೆ ಎದೆಗೆ ಒತ್ತಿ ಇಟ್ಟುಕೊಂಡಳು.

“ಮೊಟ್ಟೆ ಕಲಸಿದ ನೀರು, ಗ್ಲೂಕೋಸ್ ಏನಾದರೂ ಕುಡಿಸಲೇ?” ಎಂದು ಕೇಳಿದೆ.

“ಥಂಡಿ ಆದ ಮರಿಗಿ ಕುಡಿಸಿದ್ರ ಅಲ್ಲೇ ಸಾಯತೈತಿ. ಕುರಿಮರಿನೂ ಹಂಗ. ಮದಲ ಕಾವು, ಆಮ್ಯಾಗ ಹೊಟ್ಟಿ.”

ನಾವು ಕಾದೆವು. ಹಸರವ್ವ ಹಿಂಡಿಗೆ ಸೇರಿದ್ದೇ ತಡ ಎಲ್ಲಕ್ಕಿಂತ ಎತ್ತರದ ಕೋಲಿನ ಮೇಲೆ ಹೋಗಿ ಕೂತು ಗರಿ ಕೆದರಿಕೊಂಡಿತ್ತು. ಖಾಲಿ ಗಡಿಗೆಯನ್ನು ಹಳೆಯ ಕೊಂಡಿಗೆ ಸಿಕ್ಕಿಸಿದರೂ ಹತ್ತಿರ ಸುಳಿಯಲಿಲ್ಲ. ಹಾಗೆಂದು ನಾನು ಹೇಳಿದಾಗ ಬೀಗತಿ, “ಇವತ್ತ ಬರಾಂಗಿಲ್ಲ ಬಿಡ್ರಿ. ಎದಿ ಒಡದೈತಿ,” ಎಂದಳು. ಆಮೇಲೆ, “ಉಳದ ಗಡಿಗ್ಯಾಗ ಏನೇನ ಅದಾವ, ನೋಡಿ ಹೇಳ್ರಿ. ನಿಮ್ಮ ಕಾಗದಾ ಬ್ಯಾಡ. ಕಣ್ಣಿಲೆ ನೋಡಿ ಹೇಳ್ರಿ,” ಎಂದಳು.

ಮೂವತ್ತು ಹಕ್ಕಿಗಳು ತಲೆಯ ಸುತ್ತ ಬಡಬಡನೆ ಹಾರುತ್ತಿದ್ದವು. ಟಾರ್ಚ್ ಹಿಡಿದು ಒಂದೊಂದೇ ಗಡಿಗೆ ನೋಡಿದೆ. “ಬೂದಿಯ ಗಡಿಗೆಯಲ್ಲಿ ಎರಡು, ಗರಿಯ ಮೊಳೆ ಮೂಡಿದೆ. ಹಣಿಗಪ್ಪಿಯಲ್ಲಿ ಎರಡು, ಕಣ್ಣು ಬಿಟ್ಟಿಲ್ಲ. ಸಿಡುಕಿಯಲ್ಲಿ...” ನಾನು ನಿಂತೆ. “ಸಿಡುಕಿಯಲ್ಲಿ ಒಂದು ಇವತ್ತೇ ಒಡೆದಿದೆ. ಇನ್ನೂ ಒದ್ದೆ ಇದೆ. ಮೂರು ಮೊಟ್ಟೆ.”

“ಐತಲಾ ಮತ್ತ. ದೊಡ್ಡವು ಎರಡೂ ಬೂದಿಗಿ. ನಡಕಿನವು ಎರಡೂ ಹಣಿಗಪ್ಪಿಗಿ. ಸಣ್ಣದು ಸಿಡುಕಿಗಿ.”

“ಸಿಡುಕಿಗಾ? ಅದು ಕೊಂದೇ ಹಾಕುತ್ತದೆ! ಬೆಳಿಗ್ಗೆ ಅದೇ...”

“ಹಣಿಕಿ ಹಾಕಿ ನೋಡೂದು ಆಕಿ ಚಾಳಿ. ನಮ್ಮ ಓಣ್ಯಾಗೂ ಅಂಥಾವರು ಅದಾರ, ಯಾರ ಮನ್ಯಾಗ ಏನ ಅಡಗಿ ಅಂತ. ಕೊಲ್ಲಾಕ ಬಂದಿದ್ರ ನೀವು ನೋಡೂದರೊಳಗ ಕೊಂದಿರ್ತಿದ್ಲು.” ಆಮೇಲೆ ದನಿ ತಗ್ಗಿಸಿ, “ನನಗೂ ಖಾತ್ರಿ ಇಲ್ರಿ ಬಾಯಾರ. ಆದ್ರ ಅಷ್ಟ ಸಣ್ಣದಕ್ಕ ಹಾಲು ಇರೂದು ಆಕಿ ಒಬ್ಬಾಕಿ ಕೊರಳಾಗ. ಬ್ಯಾರೆ ದಾರಿ ಇಲ್ಲ.”

ಕುರಿಗಾರರು ತಬ್ಬಲಿ ಮರಿಯನ್ನು ಬೇರೆ ಕುರಿಗೆ ಒಪ್ಪಿಸುವಾಗ ಆ ಕುರಿಯ ಸ್ವಂತ ಮರಿಯ ವಾಸನೆ ಸವರುತ್ತಾರಂತೆ. ಆಕೆಯ ಮಾತಿನಂತೆ ಒಂದೊಂದು ಗಡಿಗೆಯ ತಳದಿಂದ ಹೊಟ್ಟಿನ ಪುಡಿ ತೆಗೆದು ತಂದೆ. ಕಂಬಳಿಯೊಳಗಿಂದ ಬಂದ ಮರಿಗಳು ಈಗ ಬೆಚ್ಚಗಿದ್ದವು. ಚಿಕ್ಕದು ಕತ್ತನ್ನು ಅತ್ತಿತ್ತ ಹೊರಳಿಸುತ್ತಿತ್ತು. ಆಕೆ ಆಯಾ ಮನೆಯ ಪುಡಿಯನ್ನು ಆಯಾ ಮರಿಯ ಬೆನ್ನಿಗೆ ಉಜ್ಜಿ ನನ್ನ ಕೈಗೆ ಕೊಟ್ಟಳು. ಹಕ್ಕಿಗೆ ಆ ವಾಸನೆ ತಿಳಿಯುತ್ತದೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಮಾತ್ರ ಆಕೆ ಹೇಳಿದಂತೆ ಇಟ್ಟೆ. ಬೂದಿಗೆ ಎರಡು. ಹಣಿಗಪ್ಪಿಗೆ ಎರಡು. ಕೊನೆಯದನ್ನು ಸಿಡುಕಿಯ ಗಡಿಗೆಯಲ್ಲಿಟ್ಟು ಕೈ ತೆಗೆಯುವಾಗ ಅದು ನನ್ನ ಬೆರಳನ್ನು ರಕ್ತ ಬರುವಂತೆ ಕಚ್ಚಿತು.

“ಕಡೀತೇನ್ರಿ? ಛಲೋ ಆತು,” ಎಂದಳು. “ಆಕಿಗಿ ಮನಿ ಮ್ಯಾಲೆ ಜೀವ ಐತಿ.”

ನನಗೆ ಹಕ್ಕಿಗಳ ಗದ್ದಲ ಬಿಟ್ಟು ಏನೂ ಕೇಳುತ್ತಿರಲಿಲ್ಲ. ಆಕೆ ಕರಿಯ ಕನ್ನಡಕದ ಹಿಂದೆ ಕಣ್ಣು ಮುಚ್ಚಿ, ಕತ್ತು ಓರೆಯಾಗಿಸಿ ಕೂತಿದ್ದಳು. ಮೂವತ್ತು ಹಕ್ಕಿಗಳ ದನಿಯನ್ನು ಒಂದೊಂದಾಗಿ ಬದಿಗೆ ಸರಿಸುತ್ತ ತನಗೆ ಬೇಕಾದದ್ದನ್ನು ಹುಡುಕುವವಳ ಹಾಗೆ. ಬಿಸಿಲು ಜಾಳಿಗೆಯಿಂದ ಇಳಿದು ಅವಳ ಪಾದದವರೆಗೆ ಬಂತು. ಒಮ್ಮೆಲೇ ಆಕೆ ನನ್ನ ಮೊಣಕೈ ಹಿಡಿದಳು.

“ಕೇಳ್ರಿ.”

ನಾನು ಸಿಡುಕಿಯ ಗಡಿಗೆಗೆ ಕಿವಿ ಹಚ್ಚಿದೆ. ಒಂದು ಸೂಜಿದನಿ. ಅದರ ಪಕ್ಕದಲ್ಲೇ ಇನ್ನೊಂದು. ಎರಡು.

“ಉಣ್ಣಾಕತ್ತಾವ,” ಎಂದಳು ನನ್ನ ಬೀಗತಿ. ಆಕೆಯ ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಸೊಸೆ ಗಾಬರಿಯಾಗಿ, “ಅವ್ವಾ, ಕಣ್ಣಿಗೆ ಒಳ್ಳೆಯದಲ್ಲ, ಅಳಬೇಡ,” ಎಂದಳು. “ಅಳಾಕತ್ತಿಲ್ಲಬೇ. ಔಷಧ ಇಳಿಯಾಕತ್ತೈತಿ,” ಎಂದಳು.

ಮರುದಿನ ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದಾಗ ಸಿಡುಕಿಯ ಗಡಿಗೆಯ ತಳದಲ್ಲಿ ಎರಡು ಗುಲಾಬಿ ಮರಿಗಳು ಒಂದರ ಮೇಲೊಂದು ಕತ್ತು ಹಾಕಿ ಮಲಗಿದ್ದವು. ಎರಡರ ಕೊರಳ ಚೀಲವೂ ಬಿಳಿಯ ರಸದಿಂದ ಉಬ್ಬಿತ್ತು. ಯಾವುದು ಸಿಡುಕಿಯದು, ಯಾವುದು ಹಸರವ್ವನದು ಎಂದು ಸಹ ನನಗೆ ಹೇಳಲಾಗಲಿಲ್ಲ. ನಾನು ಆವರೆಗೆ ಕೈಮುಗಿದ ಯಾವುದರ ಮುಂದೆಯೂ ಅಷ್ಟು ಹೊತ್ತು ನಿಂತಿರಲಿಲ್ಲ. ಬೂದಿಯ ಮನೆಯ ಎರಡೂ ಚೆನ್ನಾಗಿದ್ದವು. ಹಣಿಗಪ್ಪಿಯಲ್ಲಿ ಒಂದು ಇರಲಿಲ್ಲ. ಎಂದರೆ, ಇತ್ತು, ಬದಿಗೆ ಸರಿದು ತಣ್ಣಗಾಗಿತ್ತು. ಮೂರು ದಿನದ್ದು. ನಾವು ಹೆದರಿದ್ದು ಚಿಕ್ಕದರ ಬಗ್ಗೆ, ಹೋದದ್ದು ಅದರ ಮೇಲಿನದು. ಬೀಗತಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಕರಿಬೇವಿನ ಬುಡದಲ್ಲಿ ಮಣ್ಣು ಮಾಡಲು ನನಗೇ ಕೊಟ್ಟಳು. ನನ್ನ ತಪ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವತ್ತಿಗೂ, ಆಮೇಲೆಯೂ.

ನಾಲ್ಕೂ ಬೆಳೆದವು. ತಿಂಗಳು ತುಂಬಿದ ಮೇಲೆ ಗಡಿಗೆಯ ಬಾಯಲ್ಲಿ ಒಂದೊಂದೇ ತಲೆ. ಹಣೆಯವರೆಗೂ ಪಟ್ಟೆ, ದೊಡ್ಡ ಕರಿಗಣ್ಣು. ಅರ್ಧ ದಿನ ಹೊರಗೆ ನೋಡುವುದು, ಹೆದರಿ ಒಳಗೆ ಬೀಳುವುದು. ಮೊದಲನೆಯದು ಹಾರಿ ನೆಲಕ್ಕೆ ಬಿದ್ದಾಗ ಇಡೀ ಹಿಂಡು ಒಮ್ಮೆಲೇ ಸುಮ್ಮನಾಗಿ, ಮರುಗಳಿಗೆ ಒಮ್ಮೆಲೇ ಕೂಗಿತು. ಕೋಲಿನ ಮೇಲೆ ಸಾಲಾಗಿ ಕೂತು ಬಾಯಿ ತೆರೆದ ಮರಿಗಳಿಗೆ ಹಸರವ್ವನ ಗಂಡ ಒಂದು ತುದಿಯಿಂದ ಉಣಿಸುತ್ತ ಬರುತ್ತಿತ್ತು. ತನ್ನವು, ಬೂದಿಯವು, ಸಿಡುಕಿಯದು, ಯಾವುದನ್ನೂ ಬಿಡದೆ.

“ಅದಕ್ಕೆ ತನ್ನ ಮಕ್ಕಳು ಯಾವುವು ಅಂತ ಗೊತ್ತಾಗುತ್ತದೆಯೇ?” ಎಂದು ಕೇಳಿದೆ.

“ಗೊತ್ತಾಗಿದ್ರ ಅದೂ ನಿಮ್ಮಂಗ ಸಾಲಿ ಕಲ್ತಿರ್ತಿತ್ತು,” ಎಂದಳು. ಆಗ ಆಕೆಯ ಎರಡೂ ಕಣ್ಣು ಚೆನ್ನಾಗಿ ಕಾಣುತ್ತಿದ್ದವು.

ಹೋದ ವರ್ಷ ತನ್ನ ಮಗನ ಕೂಸಿನ ಜವಳ ಮುಗಿಸಿ ಬರುತ್ತೇನೆಂದು ಮೂಡಲಗಿಗೆ ಹೋದ ಬೀಗತಿ ಮಧ್ಯಾಹ್ನ ಊಟ ಮಾಡಿ ಅಡ್ಡಾದಳು. ಚಹಾಕ್ಕೆ ಎಬ್ಬಿಸಲು ಹೋದರೆ ಏಳಲಿಲ್ಲ. ನಾನು ಮಗ, ಸೊಸೆಯ ಜೊತೆ ಹೋದೆ. ಆ ಮನೆಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಮಣ್ಣು ಮಾಡಿ ಬಂದ ಮೇಲೆ ಹೆಂಗಸರೆಲ್ಲ ಅಂಗಳದಲ್ಲಿ ಕಂಬಳಿಗಳ ಮೇಲೆ ಕೂತಿದ್ದರು. ನಾನು ಗೋಡೆಯ ಬದಿಯ ಕಟ್ಟೆಯ ಮೇಲೆ ಒಬ್ಬಳೇ ಕೂತೆ. ಹಾಗೆ ದೂರ ಕೂರುವುದು ನನಗೆ ಅಭ್ಯಾಸ.

ಆಕೆಯ ನೆಗೆಣ್ಣಿ, ಎಂದರೆ ವಾರಗಿತ್ತಿ, ಬೆನ್ನು ಬಾಗಿದ ಮುದುಕಿ, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. “ಗೋಕಾಕದ ಬಾಯಾರು ನೀವೇನ್ರಿ? ಅಲ್ಯಾಕ ಕುಂತೀರಿ? ಬರ್ರಿ, ಈ ಕಂಬಳಿ ಮ್ಯಾಲೆ ಬರ್ರಿ.” ಪಕ್ಕದವಳನ್ನು ಸರಿಸಿ ನಡುವೆ ಜಾಗ ಮಾಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ, “ಆ ಹಕ್ಕಿಮರಿ ಉಳಿಸಿದವರು ಇವರ. ನಮ್ಮಾಕಿ ಪ್ರತಿ ಸಲ ಬಂದಾಗೂ ಹೇಳ್ತಿದ್ಲು. ದವಾಖಾನಿಗಿ ಹೋಗುಮುಂದ ಮರಿ ಬ್ಯಾರೆ ಇಡ್ರಿ ಅಂತ ನಾನ ತಪ್ಪು ಹೇಳಿ ಹೋಗಿದ್ದೆ, ಬಾಯಾರು ಇಲ್ಲದಿದ್ರ ಐದೂ ಹೋಗಿರ್ತಿದ್ವು, ನನ್ನ ಕಣ್ಣ ಆಗಿ ಒಳಗ ಹೋಗಿ ಉಳಿಸಿದ್ರು ಅಂತ.”

ಅಷ್ಟೂ ಹೆಂಗಸರು ನನ್ನನ್ನು ನೋಡುತ್ತಿದ್ದರು. ಎರಡು ವರ್ಷ ನಮ್ಮ ಹೊಸ್ತಿಲು ತುಳಿಯದಿದ್ದ ಮನೆಯ ಹೆಂಗಸರು. ಒಬ್ಬಳು ನನ್ನ ಕೈಗೆ ಚಹಾದ ಬಟ್ಟಲು ಕೊಟ್ಟಳು.

“ಅಲ್ಲ,” ಎಂದೆ. “ಆಕೆ ಹಾಗೆ ಹೇಳಿರಲಿಲ್ಲ. ಏನೂ ಮಾಡಬೇಡಿ ಎಂದು ಹೇಳಿ ಹೋಗಿದ್ದರು. ತಪ್ಪು ನನ್ನದು. ಮರಿಗಳನ್ನು ಒಯ್ದವಳು ನಾನು.”

ಮುದುಕಿ ನನ್ನ ಮಂಡಿಯ ಮೇಲೆ ಕೈ ಇಟ್ಟು, ಅಳುವಿನ ನಡುವೆಯೇ ನಕ್ಕಳು. “ಇದನ್ನೂ ಹೇಳಿದ್ಲ್ರಿ ಆಕಿ. ನಮ್ಮ ಬೀಗತಿ ಕೇಳಿದ್ರ ತಪ್ಪು ತನ್ನದಂತಾಳ, ಆಕಿ ಮನಸು ಅಂಥಾದ್ದು, ನೀವು ನಂಬಬ್ಯಾಡ್ರಿ ಅಂತ.”

ನಾನು ಆ ಚಹಾ ಕುಡಿದೆ.

ಆ ಐದು ಮರಿಗಳನ್ನು ಹಿಂಡಿನಿಂದ ಕಿತ್ತು ಕತ್ತಲೆಯ ಕೋಣೆಯಲ್ಲಿಟ್ಟವಳು ನಾನು. ಒಂದು ಸತ್ತದ್ದು ನನ್ನಿಂದ. ನಾಲ್ಕು ಉಳಿದದ್ದು ಕಣ್ಣು ಕಾಣದೆ ಬಾಗಿಲಲ್ಲಿ ಕೂತಿದ್ದ ಆಕೆಯಿಂದ. ಮೂಡಲಗಿಯಲ್ಲಿ ಇದನ್ನು ಯಾರೂ ನಂಬುವುದಿಲ್ಲ. ಓದುವ ನೀವಾದರೂ ನಂಬಬೇಕು.